‘ಸೂಜಿ ಬಂತು!’ ಅಂತ ಕೂಗುವ ಊರಿನಲ್ಲಿ ನರ್ಸ್ ಆಗುವುದು: ಕೊಡಗಿನ ಹೊಸ ಆರೋಗ್ಯ ಕಾರ್ಯಕರ್ತೆಯರಿಗೆ ಒಂದು ಮಾರ್ಗದರ್ಶಿ

ಕಾಫಿ ತೋಟದ ಕೂಲಿಕಾರರು ಇರುವ ಸಾಲು ಮನೆಗಳು, ಅಂದರೆ ಲೈನ್ ಮನೆಗಳ ಹತ್ತಿರ ಸ್ಕೂಟರ್ ನಿಲ್ಲಿಸುವ ಮುಂಚೆಯೇ ಸುದ್ದಿ ಮುಟ್ಟಿರುತ್ತದೆ. ಸೀಬೆ ಮರದ ಮೇಲಿಂದ ಯಾವನೋ ಹುಡುಗ ಕೂಗುತ್ತಾನೆ: “ಸೂಜಿ ಬಂತು, ಸೂಜಿ ಬಂತು!” ಅಷ್ಟೇ, ಮಕ್ಕಳೆಲ್ಲ ಕಾಫಿ ಗಿಡಗಳ ಸಂದಿಯಲ್ಲಿ ಮಾಯ. ನಾನು ಕೊಡಗಿಗೆ ಬಂದ ಹೊಸದರಲ್ಲಿ ನನ್ನ ಹೆಸರೇ ಸೂಜಿ. ದೊಡ್ಡವರಿಗೆ ನಾನು ‘ಪೋಲಿಯೋದವರು’. ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರಿಗೆ ‘ಸರ್ವೆ ಮೇಡಂ’. ಒಂದು ಮೀಟಿಂಗ್‌ನಲ್ಲಿ ಮೇಲಿನವರೊಬ್ಬರು “ಆ ಎಂಟ್ರಿ ಮಾಡೋ ಹುಡುಗೀನ ಕೇಳಿ” ಅಂದರು. ಆ ದಿನ ಬಸ್ಸಿನಲ್ಲಿ ಅತ್ತಿದ್ದೆ.

ಅದಕ್ಕೂ ಮೊದಲು ನಾಲ್ಕು ವರ್ಷ ಮೈಸೂರಿನಲ್ಲಿ ವಾರ್ಡ್ ಡ್ಯೂಟಿ ಮಾಡಿದ್ದೆ. ಅಲ್ಲಿ ಈ ತಾಪತ್ರಯ ಇರಲಿಲ್ಲ. ಯೂನಿಫಾರ್ಮ್ ಹಾಕಿ ಬೆಡ್ ಪಕ್ಕ ನಿಂತರೆ ಸಾಕು, ನೀವು ನರ್ಸ್. ಯಾರೂ ಕೇಳುವುದಿಲ್ಲ. ಇಲ್ಲಿ ಬೆಡ್ಡೇ ಇಲ್ಲ. ನಿಮ್ಮ ರೋಗಿ ಒಬ್ಬರಲ್ಲ, ಒಂದು ಊರು. ಅದರಲ್ಲಿ ಮುಕ್ಕಾಲು ಪಾಲು ಜನರಿಗೆ ಕಾಯಿಲೆಯೇ ಇಲ್ಲ. ಹುಷಾರಾಗಿರುವವರ ಮನೆಗೆ ಹೋಗಿ “ನಾನು ನರ್ಸ್” ಅಂದರೆ, “ಯಾಕೆ ಬಂದ್ರಿ?” ಅಂತ ಕೇಳುವುದು ಸಹಜ, ಅಲ್ವಾ? ಆ ಪ್ರಶ್ನೆಗೆ ನಿಮ್ಮದೇ ಉತ್ತರ ಹುಡುಕಿಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ನನಗೆ ಐದಾರು ವರ್ಷ ಹಿಡಿಯಿತು. ನಿಮಗೆ ಬೇಗ ಆಗಲಿ.

1. ಒಂದು ಸಾಲಿನಲ್ಲಿ ನಿಮ್ಮನ್ನು ಹೇಳಿಕೊಳ್ಳಿ

ಹುದ್ದೆಯ ಹೆಸರನ್ನು ನಂಬಿ ಕೂರಬೇಡಿ. ಅದು ಬದಲಾಗುತ್ತಲೇ ಇರುತ್ತದೆ. ಎಎನ್‌ಎಂ (ಹಳ್ಳಿಯ ದಾದಿ) ಅಂತಿದ್ದವರು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಆದರು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಉಪಕೇಂದ್ರದ ಬೋರ್ಡು ಆಯುಷ್ಮಾನ್ ಆರೋಗ್ಯ ಮಂದಿರ ಆಯಿತು. ಅಲ್ಲಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿ ಬಂದರು. ಜನರ ಬಾಯಲ್ಲಿ ಎಲ್ಲರೂ ‘ಸಿಸ್ಟರ್’.

ಈ ಕೆಲಸಕ್ಕೆ ‘ಸಾರ್ವಜನಿಕ ಆರೋಗ್ಯ ನರ್ಸ್’ ಅನ್ನುವ ಹೆಸರು ಬಂದದ್ದು 1893ರಲ್ಲಿ, ನ್ಯೂಯಾರ್ಕ್‌ನಲ್ಲಿ. ಲಿಲಿಯನ್ ವಾಲ್ಡ್ ಅನ್ನುವ ನರ್ಸ್ ಆಸ್ಪತ್ರೆ ಬಿಟ್ಟು, ವಲಸೆ ಬಂದ ಬಡವರ ಬೀದಿಯಲ್ಲೇ ಮನೆ ಮಾಡಿ ನಿಂತರು. ಬೇರೆ ಬೇರೆ ಭಾಷೆ ಆಡುವ ಕೂಲಿಕಾರರು, ಇಕ್ಕಟ್ಟಿನ ಕೋಣೆಗಳು, ಒಂದೇ ನಲ್ಲಿ. ಓದಿದಾಗ ನನಗೆ ನಮ್ಮ ಲೈನ್ ಮನೆಗಳೇ ಕಣ್ಣಿಗೆ ಬಂದವು.

ಹಾಗಾಗಿ ಮೊದಲ ವಾರವೇ ನಿಮ್ಮ ಮಾತಿನಲ್ಲಿ ಒಂದು ಸಾಲು ಮಾಡಿಕೊಳ್ಳಿ. ನನ್ನದು ಹೀಗಿದೆ: “ಈ ತೋಟದ ನಲವತ್ತೆರಡು ಮನೆಯವರ ಆರೋಗ್ಯ ನನ್ನ ಲೆಕ್ಕದಲ್ಲಿದೆ. ಹುಷಾರಿದ್ದರೂ ಬರ್ತೀನಿ, ಇಲ್ಲದಿದ್ದರೂ ಬರ್ತೀನಿ.” ಅದರಲ್ಲಿ ಯೋಜನೆ, ಪೋರ್ಟಲ್, ಗುರಿ ಯಾವುದರ ಹೆಸರೂ ಇಲ್ಲ. ಮನೆಗಳ ಸಂಖ್ಯೆ ಮಾತ್ರ ಸರಿಯಾಗಿರಲಿ. ಸಂಖ್ಯೆ ಸರಿಯಾಗಿ ಹೇಳಿದರೆ ರೈಟರ್ ಕೂಡ ತಲೆ ಎತ್ತಿ ನೋಡುತ್ತಾರೆ.

2. ನಡೆಯಿರಿ, ಆಮೇಲೆ ನಕ್ಷೆ ಬರೆಯಿರಿ

ಬಯಲುಸೀಮೆಯಲ್ಲಿ ಒಂದು ಉಪಕೇಂದ್ರಕ್ಕೆ 5,000 ಜನ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಅಂತ ಲೆಕ್ಕ. ಕಾಗದದ ಮೇಲೆ ನಮಗೆ ಸುಲಭ. ಆದರೆ ಕೊಡಗಿನಲ್ಲಿ ಮನೆಗಳು ಒಂದೆಡೆ ಸೇರಿ ಊರಾಗಿಲ್ಲ. ಒಂದೊಂದು ಮನೆ ಅದರದರ ಗದ್ದೆ, ತೋಟದ ನಡುವೆ. ಲೈನ್ ಮನೆಗಳು ರಸ್ತೆಗೆ ಕಾಣುವುದೇ ಇಲ್ಲ. ಯರವರ, ಜೇನುಕುರುಬರ ಹಾಡಿಗಳು, ಅಂದರೆ ಬುಡಕಟ್ಟು ಜನರ ಕೇರಿಗಳು, ಕಾಡಂಚಿನಲ್ಲಿ. 3,000 ಜನರನ್ನು ಮುಟ್ಟಲು ಎಷ್ಟು ಕಾಲು ಬೇಕು ಅಂತ ನಿಮ್ಮ ಕಾಲಿಗೇ ಗೊತ್ತಾಗಬೇಕು.

ಆಶಾ ಕಾರ್ಯಕರ್ತೆಯ ಜೊತೆ ಎರಡು ವಾರ ಸುಮ್ನೆ ನಡೆಯಿರಿ. ಏನೂ ಕೊಡಬೇಡಿ, ಏನೂ ಕೇಳಬೇಡಿ. ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ನಕ್ಷೆ ಬರೆಯಿರಿ. ಫೋನಿನ ಮ್ಯಾಪಿನಲ್ಲಿ ಇಲ್ಲದ್ದು ಅದರಲ್ಲಿರಬೇಕು. ಎಲ್ಲಿ ನೆಟ್‌ವರ್ಕ್ ಹೋಗುತ್ತದೆ? ಯಾವ ತೋಡು ಜೂನ್‌ನಲ್ಲಿ ದಾಟಲಾಗುವುದಿಲ್ಲ? ಆನೆ ಎಲ್ಲಿ ದಾಟುತ್ತದೆ? ರಾತ್ರಿ ಯಾರ ಮನೆಯ ಜೀಪು ಸಿಗುತ್ತದೆ? ಬಸುರಿಯರು, ಕ್ಷಯದ ಮಾತ್ರೆ ತಿನ್ನುವವರು, ಫಿಟ್ಸ್ ಬರುವವರು ಯಾವ ಮನೆಯಲ್ಲಿ ಅಂತ ನಿಮಗೆ ಮಾತ್ರ ಅರ್ಥವಾಗುವ ಗುರುತು ಹಾಕಿ. ಆ ಹಾಳೆ ಗೋಡೆಗೆ ಅಂಟಿಸುವಂಥದ್ದಲ್ಲ, ಬೀಗದೊಳಗೆ ಇರಬೇಕು.

ನಕ್ಷೆಯ ಪಕ್ಕದಲ್ಲೇ ಒಂದು ವರ್ಷದ ಪಟ್ಟಿ ಬೇಕು. ಇಲ್ಲಿ ತಿಂಗಳಿಗೊಂದು ಊರು. ಡಿಸೆಂಬರ್‌ನಿಂದ ಕಾಫಿ ಕುಯ್ಲು ಜೋರು. ಲೈನ್‌ಗಳು ತುಂಬುತ್ತವೆ. ಅಸ್ಸಾಂ, ಬಂಗಾಳದ ಕಡೆಯಿಂದ ಸಂಸಾರ ಸಮೇತ ಬರುತ್ತಾರೆ. ಮಕ್ಕಳ ಲಸಿಕೆ ಕಾರ್ಡು ಊರಿನಲ್ಲೇ ಬಿಟ್ಟಿರುತ್ತಾರೆ. ಕುಯ್ಲು ಮುಗಿದರೆ ಅರ್ಧ ಲೈನ್ ಖಾಲಿ. ಒಂದೂವರೆ ತಿಂಗಳಿಗೆ ಮೊದಲ ಡೋಸ್ ಕೊಟ್ಟ ಮಗು ಎರಡನೆಯದಕ್ಕೆ ಇನ್ನೆಲ್ಲೋ ಇರುತ್ತದೆ. ಅದಕ್ಕೇ ಆ ಸಂಸಾರ ಹೊರಡುವ ವಾರ ಯಾವುದು ಅಂತ ರೈಟರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ, ಕಾರ್ಡು ಕೈಗೆ ಕೊಟ್ಟು ಕಳಿಸಿ.

ಊರಿನ ಕ್ಯಾಲೆಂಡರ್ ಗೊತ್ತಿಲ್ಲದೆ ನಾನು ಒಮ್ಮೆ ನಗೆಪಾಟಲಾದೆ. ಮೊದಲ ಆಗಸ್ಟ್. ಒಬ್ಬ ಅಜ್ಜ ಬಿಪಿ ನೋಡಿಸಿಕೊಳ್ಳಲು ಬಂದವರು, ಮೂತ್ರ ಕೆಂಪಾಗಿ ಹೋಗುತ್ತಿದೆ ಅಂದರು, ಅದೂ ನಗುತ್ತಾ. ನಾನು ಗಾಬರಿಯಾಗಿ ಮಡಿಕೇರಿಗೆ ರೆಫರಲ್ ಚೀಟಿ ಬರೆದೆ. ಪಕ್ಕದಲ್ಲಿದ್ದ ಆಶಾ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು. ಹಿಂದಿನ ದಿನ ಕಕ್ಕಡ ಹದಿನೆಂಟು, ಅಂದರೆ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನ ಪಾಯಸ ತಿಂದವರಿಗೆಲ್ಲ ಮೂತ್ರ ಕೆಂಪೇ. ಅಜ್ಜ ನನ್ನನ್ನು ಪರೀಕ್ಷೆ ಮಾಡುತ್ತಿದ್ದರು ಅಂತ ನನಗೆ ಈಗಲೂ ಅನುಮಾನ.

3. ಬಾಗಿಲ ಮುಂದೆ ನಿಲ್ಲುವುದನ್ನು ಕಲಿಯಿರಿ

ಪಲ್ಸ್ ಪೋಲಿಯೋದಲ್ಲಿ ಮನೆ ಬಾಗಿಲಿಗೆ ಗುರುತು ಹಾಕುತ್ತೇವಲ್ಲ, ಮಕ್ಕಳಿಗೆಲ್ಲ ಹಾಕಿದ್ದರೆ ಪಿ, ಉಳಿದಿದ್ದರೆ ಎಕ್ಸ್. ಒಂದು ಲೈನ್‌ನಲ್ಲಿ ಮೂರು ಸಲ ಒಂದೇ ಬಾಗಿಲಿಗೆ ಎಕ್ಸ್ ಹಾಕಿದೆ. ಬೀಗ. ಮತ್ತೆ ಬೀಗ. ರಿಜಿಸ್ಟರ್‌ನಲ್ಲಿ ‘ಊರಲ್ಲಿಲ್ಲ’ ಅಂತ ಬರೆದು ಮುಗಿಸಿದೆ. ಎರಡು ತಿಂಗಳಾದ ಮೇಲೆ ಪಕ್ಕದ ಮನೆಯ ಹೆಂಗಸು ಕೇಳಿದಳು, “ನೀವ್ಯಾಕೆ ಯಾವಾಗಲೂ ಹನ್ನೊಂದು ಗಂಟೆಗೇ ಬರ್ತೀರಿ? ಅವರು ಐದಕ್ಕೆ ಬರ್ತಾರೆ.” ಆ ಮನೆಯಲ್ಲಿ ಹತ್ತು ತಿಂಗಳ ಮಗು ಇತ್ತು. ದಡಾರ ರುಬೆಲ್ಲಾ ಲಸಿಕೆ ಆಗಿರಲಿಲ್ಲ. ಅಮ್ಮ ಅದನ್ನು ಬೆನ್ನಿಗೆ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ತಪ್ಪು ನನ್ನದು. ನನ್ನ ಡ್ಯೂಟಿ ಟೈಮಿಗೆ ಅವರ ಬದುಕು ಹೊಂದಿಕೊಳ್ಳಲಿ ಅಂತ ಕಾಯುತ್ತಿದ್ದೆ.

ಈಗ ವಾರಕ್ಕೊಂದು ಸಂಜೆ ಲೈನ್‌ಗಳಿಗೆ. ಕತ್ತಲಾಗುವ ಮುಂಚೆ ವಾಪಸ್. ಒಬ್ಬರೇ ಹೋಗಬೇಡಿ. ಸಿದ್ದಾಪುರದ ಕಡೆ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆನೆ ಎಲ್ಲಿದೆ ಅಂತ ಕೇಳಿಯೇ ಹೊರಡುತ್ತಾರೆ.

ತೋಟದ ಒಳಗೆ ಹೋಗುವಾಗ ಮಾಲೀಕರಿಗೋ ರೈಟರಿಗೋ ಮೊದಲೇ ಒಂದು ಫೋನ್ ಮಾಡಿ. ಅನುಮತಿ ಬೇಡುವ ದನಿ ಬೇಡ, ತಿಳಿಸುವ ದನಿ ಸಾಕು. “ಗುರುವಾರ ನಾಲ್ಕೂವರೆಗೆ ಬರ್ತೀವಿ, ಮಕ್ಕಳ ಲಸಿಕೆ ಇದೆ.” ಆದರೆ ಲೈನ್‌ನಲ್ಲಿ ಹೆಣ್ಣುಮಕ್ಕಳ ಜೊತೆ ಮಾತಾಡುವಾಗ ರೈಟರ್ ಪಕ್ಕದಲ್ಲಿ ನಿಂತಿರಬಾರದು. ನಯವಾಗಿ ದೂರ ಕಳಿಸಿ. ನಾನು ಅವರ ಕೈಗೆ ಲಸಿಕೆ ಪಟ್ಟಿ ಕೊಟ್ಟು, “ಆ ಕಡೆ ಲೈನ್‌ನವರನ್ನು ಕರೀತೀರಾ?” ಅನ್ನುತ್ತೇನೆ.

ಭಾಷೆ. ಕೊಡಗಿನಲ್ಲಿ ಒಂದು ಬೆಳಿಗ್ಗೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳಂ, ತಮಿಳು, ತುಳು ಎಲ್ಲ ಕಿವಿಗೆ ಬೀಳುತ್ತವೆ. ಎಲ್ಲ ಕಲಿಯಲು ಆಗುವುದಿಲ್ಲ. ನೋವು, ಜ್ವರ, ಬೇಧಿ, ಮುಟ್ಟು, ಎಷ್ಟು ದಿನ, ಹೆದರಬೇಡ, ಇಷ್ಟಾದರೂ ಒಂದೊಂದು ಭಾಷೆಯಲ್ಲಿ ಬರೆದಿಟ್ಟುಕೊಳ್ಳಿ. ಜ್ವರ ಮಲಯಾಳಂನಲ್ಲಿ ಪನಿ, ತಮಿಳಿನಲ್ಲಿ ಕಾಯ್ಚಲ್, ಬಂಗಾಳಿಯಲ್ಲಿ ಜೊರ್. ಬಂಗಾಳದ ಕಡೆಯ ಹುಡುಗಿಯೊಬ್ಬಳಿಗೆ “ಜೊರ್?” ಅಂದಾಗ ಅವಳ ಮುಖ ಅರಳಿದ್ದು ನನಗೆ ನೆನಪಿದೆ. ಹೇಳಿದ ಎಂಟು ಮಾತಿನಲ್ಲಿ ನನಗೆ ಅರ್ಥವಾಗಿದ್ದು ಒಂದೇ, ಆದರೂ ಬಾಗಿಲು ತೆರೆಯಿತು.

ಇನ್ನೊಂದು. ಕೊಡಗಿನ ಮನೆಗಳಲ್ಲಿ ಕಾಫಿ ಬೇಡ ಅನ್ನಲು ಆಗುವುದಿಲ್ಲ. ಮಧ್ಯಾಹ್ನದೊಳಗೆ ಆರು ಲೋಟ ಕುಡಿದು ಕೈ ನಡುಗುತ್ತಾ ಬಿಪಿ ನೋಡಿದ್ದೇನೆ. ಈಗ ಮೊದಲ ಮನೆಯಲ್ಲಿ ಪೂರ್ತಿ, ಆಮೇಲೆ “ಅರ್ಧ ಲೋಟ ಸಾಕು”. ಹಾಡಿಯಲ್ಲಿ ಕೊಟ್ಟ ಕರಿ ಕಾಫಿ ಮಾತ್ರ ಬಿಡಬೇಡಿ. ದೊಡ್ಡ ಮನೆಯಲ್ಲಿ ಕುಡಿದು ಅಲ್ಲಿ ಬೇಡ ಅಂದಿರೋ, ಅದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

4. ಬ್ಯಾಗು ನಿಮ್ಮ ಪರವಾಗಿ ಮಾತಾಡಲಿ

ಕಾಲೇಜಿನಲ್ಲಿ ಬ್ಯಾಗ್ ಟೆಕ್ನಿಕ್ ಅಂತ ಕಲಿಸಿದ್ದು ನೆನಪಿದೆಯಾ? ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. ಬ್ಯಾಗನ್ನು ನೆಲಕ್ಕೆ ನೇರ ಇಡಬಾರದು. ಹಳೆ ಪೇಪರ್ ಹಾಸಿ ಅದರ ಮೇಲೆ. ಮೊದಲು ಸೋಪು, ಟವೆಲ್ ಮಾತ್ರ ಹೊರಗೆ. ಒಂದು ಚೊಂಬು ನೀರು ಕೇಳಿ ಕೈ ತೊಳೆಯಿರಿ. ಒರೆಸಿಕೊಂಡ ಮೇಲೆ ಬ್ಯಾಗಿನೊಳಗೆ ಕೈ ಹಾಕಿ, ಬೇಕಾದ್ದನ್ನೆಲ್ಲ ಒಟ್ಟಿಗೆ ತೆಗೆದು, ಮುಚ್ಚಿ. ಕೆಲಸ ಮುಗಿದ ಮೇಲೆ ಸಾಮಾನು ಒರೆಸಿ, ಮತ್ತೆ ಕೈ ತೊಳೆದು, ಒಳಗಿಡಿ. ಪೇಪರನ್ನು ನೆಲಕ್ಕೆ ತಾಗಿದ ಮೈ ಒಳಗೆ ಬರುವಂತೆ ಮಡಚಿ.

ಇದಕ್ಕೆ ಮೂರು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಆ ಮೂರು ನಿಮಿಷ ಮನೆಯವರೆಲ್ಲ ನಿಮ್ಮ ಕೈಯನ್ನೇ ನೋಡುತ್ತಿರುತ್ತಾರೆ. ನೀವು ಸೋಪಿನ ಬಗ್ಗೆ ಭಾಷಣ ಮಾಡಬೇಕಾಗಿಲ್ಲ. ಒಂದು ಮಾತು: ನಲ್ಲಿ ಅರ್ಧ ಮೈಲಿ ದೂರ ಇರುವ ಮನೆಯಲ್ಲಿ ನೀರು ಧಾರಾಳವಾಗಿ ಸುರಿಯಬೇಡಿ. ಅದನ್ನೂ ನೋಡುತ್ತಾರೆ.

ಲಸಿಕೆ ಪೆಟ್ಟಿಗೆಯೂ ಹಾಗೆಯೇ. ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕನ್ನು ತಕ್ಷಣ ಪೆಟ್ಟಿಗೆಗೆ ತುಂಬಬಾರದು. ಮೈ ಬೆವರಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಕೇಳಬೇಕು. ಆಮೇಲೆ ಪೆಟ್ಟಿಗೆಯ ನಾಲ್ಕೂ ಐಸ್‌ಪ್ಯಾಕ್ ಇಡಿ. ಇಲ್ಲದಿದ್ದರೆ ಪೆಂಟಾವೇಲೆಂಟ್, ಟಿಡಿಯಂಥ ಲಸಿಕೆಗಳು ಹೆಪ್ಪುಗಟ್ಟಿ ಕೆಡುತ್ತವೆ. ಲಸಿಕೆ ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ, ಸೊನ್ನೆಯಲ್ಲಲ್ಲ. ಕಕ್ಕಡದ ಚಳಿಯಲ್ಲಿ ಐಸ್‌ಪ್ಯಾಕ್ ಬೆವರಲು ಬೇಸಿಗೆಗಿಂತ ಜಾಸ್ತಿ ಹೊತ್ತು ಬೇಕು. ಜೀಪು ಹಾರ್ನ್ ಹಾಕುತ್ತಿದ್ದರೆ ಹಾಕಲಿ. ಐಸ್‌ಪ್ಯಾಕ್ ಕಿವಿಗಿಟ್ಟುಕೊಂಡು ನಿಂತ ನನ್ನನ್ನು ಡ್ರೈವರೊಬ್ಬರು ‘ರೇಡಿಯೋ ಸಿಸ್ಟರ್’ ಅಂತ ಕರೆಯುತ್ತಿದ್ದರು. ‘ಸೂಜಿ’ಗಿಂತ ಅದು ವಾಸಿ ಅನ್ನಿಸಿತು.

5. ನಿಮ್ಮ ಗೆರೆ ಎಲ್ಲಿ ಅಂತ ತಿಳಿದುಕೊಳ್ಳಿ

‘ಡಾಕ್ಟರ್‌ಗೆ ಹೇಳ್ತೀನಿ’ ಅನ್ನುವುದೇ ಕೆಲಸ ಅಂದುಕೊಂಡರೆ ನೀವು ಪೋಸ್ಟ್‌ಮ್ಯಾನ್. ಎಲ್ಲದಕ್ಕೂ ಮಾತ್ರೆ ಕೊಟ್ಟರೆ ಅರೆ ಡಾಕ್ಟರ್. ನಿಮ್ಮ ಗೆರೆ ಎಲ್ಲಿದೆ ಅಂತ ಒಂದು ಕಾಯಿಲೆ ಹಿಡಿದು ಹೇಳುತ್ತೇನೆ: ಸಿಕಲ್ ಸೆಲ್, ಅಂದರೆ ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುವ, ಅಪ್ಪ ಅಮ್ಮನಿಂದ ಬರುವ ಕುಡಗೋಲು ಕಣ ರೋಗ.

2023ರ ಜುಲೈನಲ್ಲಿ ಇದಕ್ಕೆ ರಾಷ್ಟ್ರೀಯ ಅಭಿಯಾನ ಶುರುವಾಯಿತು. 2047ರೊಳಗೆ ನಿರ್ಮೂಲನೆ ಆಗಬೇಕು ಅಂತ ಗುರಿ. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ ಎಲ್ಲರಿಗೂ ರಕ್ತ ಪರೀಕ್ಷೆ. ಹಾಡಿಯ ಒಬ್ಬ ಹುಡುಗನಿಗೆ ಮಳೆಗಾಲದಲ್ಲಿ ಕೈಕಾಲು ನೋವು, ಕಣ್ಣು ಹಳದಿ. ಎಲ್ಲರೂ ‘ರಕ್ತ ಕಡಿಮೆ’ ಅಂತ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುತ್ತಿದ್ದರೆ ಅವನ ಕಾಯಿಲೆ ಯಾರಿಗೂ ಗೊತ್ತಾಗುವುದೇ ಇಲ್ಲ. ಚಳಿಯಲ್ಲಿ ನೆನೆಯುವುದು, ನೀರು ಕಡಿಮೆ ಕುಡಿಯುವುದು, ಎರಡೂ ಈ ನೋವನ್ನು ಕೆರಳಿಸುತ್ತವೆ. ಕೊಡಗಿನ ಮಳೆಯಲ್ಲಿ ನೆನೆಯದೆ ಕೆಲಸ ಮಾಡಿ ಅಂದರೆ ಯಾರಾದರೂ ನಗುತ್ತಾರೆ, ಅದು ಬೇರೆ ಮಾತು.

ಅನುಮಾನ ಪಡುವುದು ನಿಮ್ಮ ಕೆಲಸ. ಮೊದಲ ಪರೀಕ್ಷೆಗೆ ಕರೆತರುವುದು, ಅದರಲ್ಲಿ ಪಾಸಿಟಿವ್ ಬಂದರೆ ಎಚ್‌ಪಿಎಲ್‌ಸಿ ಅನ್ನುವ, ರೋಗ ಖಚಿತಪಡಿಸುವ ಪರೀಕ್ಷೆಗೆ ಮಾದರಿ ಹೋಯಿತಾ, ಫಲಿತಾಂಶ ಬಂತಾ ಅಂತ ಬೆನ್ನು ಹತ್ತುವುದೂ ನಿಮ್ಮದೇ. ಯಾವ ಔಷಧಿ, ಎಷ್ಟು ಅನ್ನುವುದು ಡಾಕ್ಟರದ್ದು. ಆಮೇಲಿನ ಮಾತುಕತೆ ಮತ್ತೆ ನಿಮ್ಮದು, ಅದೇ ಎಲ್ಲಕ್ಕಿಂತ ಕಷ್ಟದ್ದು. ವಾಹಕ, ಅಂದರೆ ರೋಗದ ಜೀನ್ ಒಂದೇ ಇರುವವರು, ರೋಗಿ ಅಲ್ಲ ಅಂತ ಬಿಡಿಸಿ ಹೇಳಬೇಕು. ಗಂಡ, ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಾನು ನಾಲ್ಕು ಕಾಫಿ ಬೀಜ ಅಂಗೈಯಲ್ಲಿಟ್ಟು ತೋರಿಸುತ್ತೇನೆ. ಫಲಿತಾಂಶವನ್ನು ಹಾಡಿಯ ಮಧ್ಯೆ ನಿಂತು ಓದಬೇಡಿ. ಒಂದು ಹುಡುಗಿಯ ಮದುವೆ ಮಾತು ಅದರಿಂದ ನಿಂತುಹೋಗಬಹುದು.

6. ಫೋನ್ ಮಾಡುವುದೂ ಒಂದು ಕೌಶಲ

ಡಾಕ್ಟರ್‌ಗೆ ಕರೆ ಮಾಡಿ “ಸರ್, ಇಲ್ಲೊಬ್ರಿಗೆ ತುಂಬಾ ಸುಸ್ತು” ಅಂದರೆ “ನಾಳೆ ಕಳಿಸಿ” ಅಂತಾರೆ. ಹೀಗೆ ಹೇಳಿ: “32 ವಾರದ ಬಸುರಿ, ಎರಡನೆಯದು. ಹಿಮೋಗ್ಲೋಬಿನ್ 6.4. ನಡೆದರೆ ಏದುಸಿರು. ಈಗಲೇ ಕಳಿಸಬೇಕು ಅಂತ ನನ್ನ ಅಭಿಪ್ರಾಯ. ಆಂಬುಲೆನ್ಸ್ ಗೇಟಿನವರೆಗೆ ಬರುತ್ತೆ, ಅಲ್ಲಿವರೆಗೆ ತೋಟದ ಜೀಪಿದೆ.” ಬಸುರಿಯಲ್ಲಿ 7ಕ್ಕಿಂತ ಕಡಿಮೆ ಅಂದರೆ ತೀವ್ರ ರಕ್ತಹೀನತೆ, ಅದು ಇಬ್ಬರಿಗೂ ಗೊತ್ತು. ‘ನನ್ನ ಅಭಿಪ್ರಾಯ’ ಅನ್ನುವ ಎರಡು ಪದ ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಮೊದಲ ಸಲ ಹೇಳಿದಾಗ ಆ ಕಡೆ ಒಂದು ಕ್ಷಣ ಮೌನ. ಆಮೇಲೆ “ಸರಿ, ಕಳಿಸಿ.”

ಮೀಟಿಂಗ್‌ನಲ್ಲೂ ಅಷ್ಟೇ. ಒಂದು ಅಂಕಿ, ಒಂದು ಮನೆಯ ಕತೆ, ಒಂದು ಬೇಡಿಕೆ. ಕತೆಯಲ್ಲಿ ಹೆಸರು ಬೇಡ.

7. ಎರಡು ಪುಸ್ತಕ ಇಟ್ಟುಕೊಳ್ಳಿ

ಪೋರ್ಟಲ್‌ಗಳಿಗೆ ಎಂಟ್ರಿ ಮಾಡಲೇಬೇಕು, ಬೈದುಕೊಂಡಾದರೂ ಮಾಡಿ. ಅದರ ಜೊತೆಗೆ ನಿಮ್ಮದೇ ಒಂದು ನೋಟ್‌ಬುಕ್ ಇರಲಿ. ದಿನಾ ಮೂರು ಸಾಲು: ಇವತ್ತು ಏನು ನೋಡಿದೆ, ಏನು ತಪ್ಪಿದೆ, ಯಾರ ಮನೆಗೆ ಮತ್ತೆ ಹೋಗಬೇಕು. ‘ಬೀಗ’ ಅಂತ ಮೂರು ಸಲ ಬರೆದದ್ದನ್ನು ಒಟ್ಟಿಗೆ ಓದಿದ್ದರೆ ಆ ಮಗುವಿನ ವಿಷಯ ನನಗೆ ಬೇಗ ಹೊಳೆಯುತ್ತಿತ್ತು.

ಎರಡನೆಯದು ಮಳೆಗಾಲದ ಪುಸ್ತಕ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆ ಗುಡ್ಡಗಳು ಕುಸಿದಾಗ ನನ್ನನ್ನು ಪರಿಹಾರ ಶಿಬಿರಕ್ಕೆ ಹಾಕಿದ್ದರು. ಉಟ್ಟ ಬಟ್ಟೆಯಲ್ಲಿ ಬಂದಿದ್ದರು ಜನ. ಮನೆಯ ಜೊತೆ ಮಾತ್ರೆ, ಚೀಟಿ ಎಲ್ಲ ಮಣ್ಣಿನಡಿ. “ಯಾವ ಮಾತ್ರೆ ತಿಂತಿದ್ರಿ?” ಅಂದರೆ, “ಬಿಳೀದು, ಸಣ್ಣದು.” ಬಿಪಿಯದೂ ಬಿಳಿ, ಸಕ್ಕರೆ ಕಾಯಿಲೆಯದೂ ಬಿಳಿ. ಆ ರಾತ್ರಿ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಪೋರ್ಟಲ್‌ನಲ್ಲಿ ಎಷ್ಟೇ ಚೆನ್ನಾಗಿ ತುಂಬಿದ್ದರೂ ಅವತ್ತು ಅದು ನಮಗೆ ಸಿಗಲಿಲ್ಲ. ಅವತ್ತಿಂದ ಪ್ರತಿ ಮೇ ಕೊನೆಯಲ್ಲಿ ಕಾಗದದ ಮೇಲೆ ಪಟ್ಟಿ ಮಾಡುತ್ತೇನೆ: ಬಿಪಿ, ಸಕ್ಕರೆ, ಕ್ಷಯ, ಫಿಟ್ಸ್ ಮಾತ್ರೆ ತಿನ್ನುವವರು, ಮಾತ್ರೆಯ ಹೆಸರು, ಡೋಸ್. ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನ ತುಂಬುವ ಬಸುರಿಯರು. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಬ್ಯಾಗಿನ ಹೊರ ಜೇಬಿನಲ್ಲಿ.

8. ಕಾಗದಪತ್ರ, ಓದು, ವಿಶ್ರಾಂತಿ

ಇದನ್ನು ಬೇಗ ಮುಗಿಸುತ್ತೇನೆ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ನವೀಕರಣದ ತಾರೀಕು ಫೋನಿನಲ್ಲಿ ಹಾಕಿಡಿ. ತರಬೇತಿಯ ಸರ್ಟಿಫಿಕೇಟ್‌ಗಳನ್ನು ಒಂದೇ ಫೈಲಿನಲ್ಲಿಡಿ. 1908ರಿಂದ ಇರುವ ಭಾರತೀಯ ತರಬೇತಿ ಪಡೆದ ನರ್ಸ್‌ಗಳ ಸಂಘದಂಥ ಸಂಘಟನೆಯ ಸದಸ್ಯರಾಗಿ. ಮುಂದೆ ಓದುವ ಆಸೆ ಇದ್ದರೆ ಸಮುದಾಯ ಆರೋಗ್ಯ ನರ್ಸಿಂಗ್‌ನಲ್ಲೇ ಎಂಎಸ್ಸಿ ಇದೆ.

ರಾತ್ರಿ ಫೋನ್ ವಿಷಯ ಮಾತ್ರ ಮೊದಲೇ ತೀರ್ಮಾನ ಮಾಡಿ. ಹೆರಿಗೆ ನೋವು, ರಕ್ತಸ್ರಾವ, ಹಾವು, ವಿಷ, ಮಗುವಿನ ಉಸಿರಾಟ: ಇವಕ್ಕೆ ಯಾವ ಹೊತ್ತಿನಲ್ಲಾದರೂ ಸರಿ. ತಾಯಿ ಕಾರ್ಡಿನ ಸಹಿಗೆ ಬೆಳಿಗ್ಗೆ. ಇದನ್ನು ಜನರಿಗೆ ಬಾಯಿಬಿಟ್ಟು ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕುಡಿದು ಗಲಾಟೆ ಆಗುವ ಮನೆಗೆ ಒಬ್ಬರೇ ಹೋಗಬೇಡಿ, ಅದಕ್ಕೆ ಧೈರ್ಯದ ಪ್ರಶಸ್ತಿ ಯಾರೂ ಕೊಡುವುದಿಲ್ಲ.

9. ವರ್ಗವಾದಾಗ ಕೊಡುವ ಎರಡು ಹಾಳೆ

ಚಾರ್ಜ್ ಕೊಡುವಾಗ ಸ್ಟಾಕ್ ರಿಜಿಸ್ಟರ್, ಬೀಗದ ಕೈ, ಫ್ರಿಜ್ ಎಲ್ಲ ಲೆಕ್ಕ ಮಾಡಿ ಸಹಿ ಹಾಕಿಸಿಕೊಳ್ಳುತ್ತಾರೆ. ಊರನ್ನು ಯಾರೂ ಒಪ್ಪಿಸಿಕೊಳ್ಳುವುದಿಲ್ಲ. ನಾನು ಬಂದಾಗ ನನ್ನ ಕೈಗೆ ಸಿಕ್ಕಿದ್ದು ತುಕ್ಕು ಹಿಡಿದ ಬೀರು ಮತ್ತು ಹನ್ನೊಂದು ರಿಜಿಸ್ಟರ್. ಹಾಗಾಗಿ ಎರಡು ಹಾಳೆ ಈಗಿನಿಂದಲೇ ಬರೆಯುತ್ತಾ ಹೋಗಿ, ವರ್ಗದ ಆದೇಶ ಬಂದ ಮೇಲೆ ಸಮಯ ಸಿಗುವುದಿಲ್ಲ. ಗೌಪ್ಯ ವಿಷಯ ಅದರಲ್ಲಿ ಬರಬಾರದು. ಅದನ್ನು ಮುಂದೆ ಬರುವವರಿಗೆ ಎದುರು ಕೂತು ಹೇಳಿ.

ನನ್ನ ಹಾಳೆಯಲ್ಲಿ ಈಗ ಇರುವ ಕೆಲವು ಸಾಲುಗಳು: ಮೇಲಿನ ಹಾಡಿಗೆ ಮಂಗಳವಾರ ಹೋಗಬೇಡಿ, ಎಲ್ಲರೂ ಸಂತೆಗೆ ಹೋಗಿರುತ್ತಾರೆ. ಸೇತುವೆ ಪಕ್ಕದ ಮನೆಯ ಅಜ್ಜಿಗೆ ಎಡಗಿವಿ ಕೇಳುವುದಿಲ್ಲ, ಬಲಗಡೆ ಕೂತು ಮಾತಾಡಿ. ಎರಡನೇ ಲೈನ್‌ನ ಸೂಲಗಿತ್ತಿಯನ್ನು ಬೈಯಬೇಡಿ, ಮೂರು ಹೆರಿಗೆಗೆ ಸರಿಯಾದ ಹೊತ್ತಿಗೆ ನನಗೆ ಫೋನ್ ಮಾಡಿದ್ದು ಅವಳೇ. ನಾಲ್ಕನೇ ಲೈನ್‌ನ ನಾಯಿಯ ಹೆಸರು ಟೈಗರ್. ಹೆಸರು ಹಿಡಿದು ಕರೆದರೆ ಬಾಲ ಅಲ್ಲಾಡಿಸುತ್ತದೆ, ಇಲ್ಲದಿದ್ದರೆ ಕಚ್ಚುತ್ತದೆ.